ದೊಡ್ಡ ಐಷಾರಾಮಿ ಕಾರು ತಗೊಂಡರೆ ಜನ ನಮ್ಮನ್ನು ನೋಡುವ ರೀತಿ ಬದಲಾಗುತ್ತದಾ?

ಖಂಡಿತ ಬದಲಾಗುತ್ತದೆ. ಅದೇ ಆಸೆಗೆ ನಾನೂ ಒಂದು ದೊಡ್ಡ ಎಸ್‌ಯುವಿ ತಗೊಂಡಿದ್ದೆ.

ಹೊಸದು ಕೈಗೆಟುಕುತ್ತಿರಲಿಲ್ಲ, ಸೆಕೆಂಡ್ ಹ್ಯಾಂಡ್ ಹುಡುಕಿದೆ. ಇಂಥ ಗಾಡಿಗಳ ಬೆಲೆ ಕೆಲವೇ ವರ್ಷಗಳಲ್ಲಿ ಪಾತಾಳಕ್ಕೆ ಇಳಿಯುತ್ತದೆ. ವಾರಂಟಿ ಮುಗಿದದ್ದೊಂದು ಸಾಧಾರಣ ಹೊಸ ಕಾರಿನ ಬೆಲೆಗೇ ಸಿಕ್ಕಿತು. ನಾನು ಎಡವಿದ್ದು ಇಲ್ಲೇ. ಇದನ್ನು ಬಿಡಿಸಿ ಹೇಳಬೇಕು, ಮಾರುವವರಂತೂ ಹೇಳುವುದಿಲ್ಲ. ಗಾಡಿಯ ಬೆಲೆ ಇಳಿದರೂ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಕೊಳ್ಳುವಾಗ ಸಾಧಾರಣ ಕಾರಿನ ದುಡ್ಡು, ರಿಪೇರಿಗೆ ಮಾತ್ರ ಐಷಾರಾಮಿ ಕಾರಿನ ದುಡ್ಡು.

ಅದರಲ್ಲಿ ಮಾಮೂಲಿ ಸ್ಪ್ರಿಂಗ್ ಬದಲು ಏರ್ ಸಸ್ಪೆನ್ಷನ್ ಇತ್ತು. ಅಂದರೆ ಪ್ರತಿ ಚಕ್ರಕ್ಕೂ ಗಾಳಿ ತುಂಬಿದ ಒಂದು ರಬ್ಬರ್ ಚೀಲ, ಅವಕ್ಕೆಲ್ಲ ಗಾಳಿ ಕೊಡಲು ಒಂದು ಕಂಪ್ರೆಸರ್. ರಬ್ಬರ್ ಹಳತಾದಂತೆ ಮಡಿಕೆ ಬೀಳುವ ಕಡೆ ಸಣ್ಣಗೆ ಬಿರುಕು ಬಿಡುತ್ತದೆ. ಬೆಳಿಗ್ಗೆ ನೋಡಿದರೆ ಮುಂದಿನ ಎಡಮೂಲೆ ಕುಸಿದಿರುತ್ತಿತ್ತು. ಸ್ಟಾರ್ಟ್ ಮಾಡಿದರೆ ಗುರ್ ಅಂತ ಮೇಲೇಳುತ್ತಿತ್ತು. ಏಳುತ್ತದಲ್ಲ, ಸುಮ್ನೆ ಯಾಕೆ ಖರ್ಚು ಅಂತ ಬಿಟ್ಟುಬಿಟ್ಟೆ. ಸೋರಿದ ಗಾಳಿ ತುಂಬಿಸಲು ಪದೇ ಪದೇ ಓಡಿ ಓಡಿ ಕಂಪ್ರೆಸರ್ ಸುಟ್ಟುಹೋಯಿತು. ಒಂದು ಚೀಲದಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಸಾಲ ಮಾಡಬೇಕಾಯಿತು. ಆ ಸಾಲ ತೀರಿಸಲು ಒದ್ದಾಡುತ್ತಿದ್ದಾಗಲೂ ಅಕ್ಕಪಕ್ಕದವರ ಕಣ್ಣಿಗೆ ನಾನು ಸಿರಿವಂತನೇ. ಕೈಸಾಲ ಕೇಳಲು ಒಬ್ಬರು ನನ್ನ ಹತ್ತಿರವೇ ಬಂದರು!

ಹಾಗಾಗಿ ಕಾರು ನೋಡಿ ಮಾಲೀಕನ ಜೇಬು ಅಳೆಯುವುದು ನನ್ನ ಪ್ರಕಾರ ಶುದ್ಧ ತಪ್ಪು. ಸ್ವಂತ ದುಡ್ಡಿನದು, ಕಂತಿನದು, ಕಂಪನಿ ಕೊಟ್ಟದ್ದು, ಮೂರು ಕೈ ಬದಲಾದದ್ದು, ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತವೆ.

ಆದರೂ ಜನ ಅಳೆಯುತ್ತಾರೆ. ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ದರು, 1968ರಲ್ಲಿ ಪ್ರಕಟವಾಯಿತು. ಹಸಿರು ದೀಪ ಬಂದ ಮೇಲೂ ಬೇಕಂತಲೇ ಕಾರು ನಿಲ್ಲಿಸಿಕೊಂಡಿದ್ದರು. ಹಳೇ ಅಗ್ಗದ ಕಾರಿಗೆ ಹಿಂದಿನವರು ಬೇಗ ಹಾರ್ನ್ ಹೊಡೆದರು, ದುಬಾರಿ ಕಾರಿದ್ದಾಗ ಜಾಸ್ತಿ ಹೊತ್ತು ಕಾದರು. ನಿಮಗೆ ಸಿಗುವ ಮರ್ಯಾದೆ ಈ ಥರದ್ದು. ಗಾಡಿಯಿಂದ ಇಳಿದು ನಾಲ್ಕು ಹೆಜ್ಜೆ ನಡೆದರೆ ಯಾರಿಗೂ ನಿಮ್ಮ ಗುರುತಿರುವುದಿಲ್ಲ.

ಇನ್ನು ಇಂಥ ಕಾರಿನವರೆಲ್ಲ ಅಹಂಕಾರಿಗಳು ಅನ್ನುವ ಮಾತೂ ಇದೆ, ಅಲ್ವಾ? ಫಿನ್‌ಲ್ಯಾಂಡಿನಲ್ಲಿ ಸುಮಾರು 1,900 ಕಾರು ಮಾಲೀಕರನ್ನು ಕೇಳಿ ಮಾಡಿದ ಅಧ್ಯಯನ 2020ರ ಹೊತ್ತಿಗೆ ಬಂತು. ಜಗಳಗಂಟ, ಹಠಮಾರಿ ಗಂಡಸರಿಗೆ ದೊಡ್ಡ ಹೆಸರಿನ ಕಾರು ಇರುವುದು ಜಾಸ್ತಿ ಎಂದು ಅದರಲ್ಲಿ ಕಂಡಿತು. ಅದೇ ಅಧ್ಯಯನದಲ್ಲಿ, ಶಿಸ್ತಿನ, ಕೆಲಸದಲ್ಲಿ ಅಚ್ಚುಕಟ್ಟಾದ ಹೆಂಗಸರು ಗಂಡಸರು ಇಬ್ಬರಿಗೂ ಅಂಥ ಕಾರು ಇರುವುದು ಜಾಸ್ತಿ ಎಂದೂ ಕಂಡಿತು. ನಿಲ್ಲಿಸಿದ ಕಾರು ನೋಡಿ ಇವರಲ್ಲಿ ಯಾರದು ಅಂತ ಹೇಳುವುದು ಹೇಗೆ?

ನನ್ನನ್ನು ಕೇಳಿದರೆ, ಜನ ಏನಂದುಕೊಳ್ಳುತ್ತಾರೆ ಅನ್ನುವ ಪ್ರಶ್ನೆಯನ್ನೇ ಬಿಡಿ. ಎದುರಿಗೆ ನಡೆದು ಹೋಗುವವರ ಬಗ್ಗೆ ಯೋಚಿಸಿ. ಬಾನೆಟ್ 40 ಇಂಚಿಗಿಂತ ಎತ್ತರವಿರುವ ಗಾಡಿ ಗುದ್ದಿದರೆ ಪಾದಚಾರಿ ಸಾಯುವ ಸಾಧ್ಯತೆ, 30 ಇಂಚಿನೊಳಗಿನ ಇಳಿಜಾರು ಮೂತಿಯ ಕಾರಿಗಿಂತ ಸುಮಾರು ಶೇ 45ರಷ್ಟು ಜಾಸ್ತಿ ಎಂದು ಅಮೆರಿಕದಲ್ಲಿ ವಿಮಾ ಕಂಪನಿಗಳ ದುಡ್ಡಿನಲ್ಲಿ ನಡೆಯುವ ರಸ್ತೆ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ 2023ರಲ್ಲಿ ಹೇಳಿದೆ. ಸೀಟಿನಲ್ಲಿ ಕೂತು, ಬಾನೆಟ್ ಮುಂದೆ ಒಂದು ಮಗುವಿನ ಎತ್ತರದ ಪೆಟ್ಟಿಗೆ ಇಡಿಸಿ ನೋಡಿ, ಕಾಣುತ್ತದಾ ಅಂತ. ಮನೆಯಲ್ಲಿ ಏಳು ಜನ ಇದ್ದು ಎಲ್ಲರೂ ಒಟ್ಟಿಗೆ ಓಡಾಡುವವರಾದರೆ, ಟ್ರೇಲರ್ ಎಳೆಯುವ ಕೆಲಸ ಇದ್ದರೆ, ವಾರಂಟಿ ಇರುವುದನ್ನೇ ತಗೊಳ್ಳಿ. ಬರೀ ಜನ ನೋಡಲಿ ಅಂತಾದರೆ ಬೇಡವೇ ಬೇಡ.