ಜನವರಿ 26 ಎಂದರೆ ಗಣರಾಜ್ಯೋತ್ಸವ ಮಾತ್ರಾನಾ?

ಪ್ರಶ್ನೆ: ಸಂವಿಧಾನವನ್ನು ಒಪ್ಪಿಕೊಂಡಿದ್ದು 1949ರ ನವೆಂಬರ್ 26ಕ್ಕೆ. ಮತ್ತೆ ಜಾರಿಗೆ ತರಲು ಜನವರಿ 26ರವರೆಗೆ ಕಾದಿದ್ದು ಯಾಕೆ? ಆ ದಿನಕ್ಕೆ ಬೇರೆ ಮಹತ್ವ ಇದೆಯಾ?

ಉತ್ತರ: ಖಂಡಿತ ಇದೆ. ಲಾಹೋರ್ ಕಾಂಗ್ರೆಸ್ ಅಧಿವೇಶನದಲ್ಲಿ ಪೂರ್ಣ ಸ್ವರಾಜ್ಯವೇ ನಮ್ಮ ಗುರಿ ಎಂದು ತೀರ್ಮಾನವಾದ ಮೇಲೆ, 1930ರ ಜನವರಿ 26ರಂದು ದೇಶದ ತುಂಬ ಜನ ಸ್ವಾತಂತ್ರ್ಯದ ಪ್ರತಿಜ್ಞೆ ಮಾಡಿದ್ದರು. ಆ ನೆನಪಿಗಾಗಿಯೇ 1950ರಲ್ಲಿ ಅದೇ ದಿನವನ್ನು ಆರಿಸಿಕೊಂಡರು.

ಆದರೆ ನಮಗೆ ಈ ದಿನ ಅದಕ್ಕಿಂತ ಹಳೆಯದು. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ನಂದಗಡದಲ್ಲಿ ಗಲ್ಲಿಗೇರಿಸಿದರು. ಕಿತ್ತೂರು ಚೆನ್ನಮ್ಮ ಸೆರೆಯಾದ ಮೇಲೂ ಸುಮ್ನೆ ಕೂರಲಿಲ್ಲ ಅವನು, ಊರ ಜನರನ್ನು ಕಟ್ಟಿಕೊಂಡು ಕಾಡಿನಲ್ಲಿ ಅಡಗಿ ಹೋರಾಡಿದ, ಸರ್ಕಾರಿ ಕಚೇರಿಗಳನ್ನೂ ಖಜಾನೆಯನ್ನೂ ಬಿಡಲಿಲ್ಲ, ಕೊನೆಗೆ ನಮ್ಮವರೇ ಹಿಡಿದುಕೊಟ್ಟರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅವನು ಹುಟ್ಟಿದ ದಿನ ಆಗಸ್ಟ್ 15 ಎನ್ನುತ್ತಾರೆ, 1798ರಲ್ಲಿ. ಎರಡೂ ರಾಷ್ಟ್ರೀಯ ಹಬ್ಬದ ದಿನಗಳೇ, ಅಲ್ವಾ?

ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಅವನ ಸಮಾಧಿ ಇದೆ, ಪಕ್ಕದಲ್ಲೇ ದೊಡ್ಡ ಆಲದ ಮರ. ರಾಯಣ್ಣನಂಥ ಮಗ ಹುಟ್ಟಲಿ ಎಂದು ಹರಕೆ ಹೊತ್ತು ಆ ಮರಕ್ಕೆ ತೊಟ್ಟಿಲು ಕಟ್ಟುತ್ತಾರೆ. ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.