ಕರುಳು, ಲಸಿಕೆ, ವಿಟಮಿನ್ ಎ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ದಿನವೂ ಊಟದ ಜೊತೆ ಅದೆಷ್ಟೋ ಬ್ಯಾಕ್ಟೀರಿಯಾ, ಅದೆಷ್ಟೋ ಹೊರಗಿನ ಪ್ರೋಟೀನು ಹೊಟ್ಟೆ ಸೇರುತ್ತದೆ. ಕೈಗೆ ಮುಳ್ಳು ಚುಚ್ಚಿದರೆ ಕೀವು ತುಂಬುವ ದೇಹ ಕರುಳಿನಲ್ಲಿ ಯಾಕೆ ಸುಮ್ಮನಿರುತ್ತದೆ?
– ಉಪನ್ಯಾಸಕಿ, ಹಾವೇರಿ

ಉತ್ತರ: ಸುಮ್ಮನಿರುತ್ತದೆ ಅನ್ನುವುದಕ್ಕಿಂತ, ಸುಮ್ಮನಿರಬೇಕೆಂಬ ತೀರ್ಮಾನ ಅಲ್ಲಿ ಪ್ರತಿ ಊಟಕ್ಕೂ ಆಗುತ್ತಿರುತ್ತದೆ ಅನ್ನುವುದು ಸರಿ. ಅದರಲ್ಲಿ ದೊಡ್ಡ ಪಾಲು, ಹೊರಗಿನಿಂದ ಬಂದದ್ದನ್ನು ಹಿಡಿದು ಉಳಿದ ರಕ್ಷಣಾ ಕೋಶಗಳಿಗೆ ತೋರಿಸುವ ಡೆಂಡ್ರೈಟಿಕ್ ಕೋಶಗಳದ್ದು. 1973ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಝಾನ್ವಿಲ್ ಕೋನ್ ಗುರುತಿಸಿದ ಕೋಶಗಳಿವು. ಸ್ಟೈನ್‌ಮನ್ ಅವರಿಗೆ 2011ರ ನೊಬೆಲ್ ಸಂದಿದ್ದು ಇದಕ್ಕೇ.

ಕರುಳಿನ ಒಳಪದರ ಒಂದೇ ಕೋಶದಷ್ಟು ದಪ್ಪ. ಅದರ ಕೆಳಗೇ ಈ ಕೋಶಗಳು ಕೂತಿರುತ್ತವೆ. ಅವುಗಳಿಗೆ ಸರಕು ಮೂರು ದಾರಿಯಲ್ಲಿ ತಲುಪುತ್ತದೆ: ಪೇಯರ್ ಪ್ಯಾಚ್ ಎಂಬ, ಕರುಳಿನ ಗೋಡೆಯ ರಕ್ಷಣಾ ಕೋಶಗಳ ಗುಂಪುಗಳ ಮೇಲಿನ ಎಂ ಕೋಶಗಳ ಮೂಲಕ, ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳ ಮೂಲಕ, ಮತ್ತು ಪದರದ ಸಂದಿಯಲ್ಲಿ ತೋಳು ಚಾಚಿ ಒಳಗಿದ್ದುದನ್ನು ಎಳೆದುಕೊಳ್ಳುವ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳ ಕೈಯಿಂದ. ಸರಕು ಸಿಕ್ಕ ಡೆಂಡ್ರೈಟಿಕ್ ಕೋಶ ಸಿಸಿಆರ್7 ಎಂಬ ಗ್ರಾಹಿಯ ಬಲದಿಂದ ದುಗ್ಧನಾಳ ಹಿಡಿದು ಕರುಳಿನ ದುಗ್ಧಗ್ರಂಥಿಗೆ ಹೋಗಿ, ತಂದದ್ದನ್ನು ರೋಗಾಣುಗಳ ಮೇಲೆ ಹೋರಾಟ ನಡೆಸುವ ಟಿ ಕೋಶಗಳಿಗೆ ತೋರಿಸುತ್ತದೆ. ಮ್ಯಾಕ್ರೋಫೇಜ್ ಮಾತ್ರ ಸಾಮಾನ್ಯವಾಗಿ ಜಾಗ ಬಿಟ್ಟು ಕದಲುವುದಿಲ್ಲ.

ವಿಶೇಷ ಇರುವುದು ತೋರಿಸುವ ರೀತಿಯಲ್ಲಿ. ಮೈಮೇಲೆ ಸಿಡಿ103 ಎಂಬ ಗುರುತಿನ ಪ್ರೋಟೀನು ಇರುವ ಡೆಂಡ್ರೈಟಿಕ್ ಕೋಶಗಳಲ್ಲಿ ವಿಟಮಿನ್ ಎಯಿಂದ ರೆಟಿನಾಯಿಕ್ ಆಮ್ಲ ತಯಾರಿಸುವ ಕಿಣ್ವವಿದೆ. ಆ ಆಮ್ಲ, ಜೊತೆಗೆ ಟಿಜಿಎಫ್-ಬೀಟಾ ಎಂಬ ಸಂದೇಶ ಪ್ರೋಟೀನು ಸೇರಿದರೆ ಟಿ ಕೋಶ ಹೊಡೆದಾಟಕ್ಕೆ ಇಳಿಯದೆ ಬೇರೆಯವರನ್ನೂ ತಣಿಸುವ ನಿಯಂತ್ರಕ ಕೋಶವಾಗುತ್ತದೆ. 2007ರಲ್ಲಿ ಹಲವು ಪ್ರಯೋಗಾಲಯಗಳು ಒಂದೇ ವರ್ಷ ಇದನ್ನು ತೋರಿಸಿದವು. ಅದೇ ಆಮ್ಲ ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನು ಐಜಿಎ ಎಂಬ ಪ್ರತಿಕಾಯದತ್ತ ತಿರುಗಿಸುತ್ತದೆ. ವಯಸ್ಕರ ಕರುಳು ದಿನಕ್ಕೆ ಕೆಲವು ಗ್ರಾಂ ಐಜಿಎ ಸುರಿಸುತ್ತದೆ. ದೇಹ ತಯಾರಿಸುವ ಇನ್ಯಾವ ಪ್ರತಿಕಾಯವೂ ಇಷ್ಟಿಲ್ಲ. ಅದು ಸೂಕ್ಷ್ಮಜೀವಿಗಳನ್ನು ಲೋಳೆಯಲ್ಲೇ ಕಟ್ಟಿಹಾಕುತ್ತದೆ, ಉರಿಯೂತ ಎಬ್ಬಿಸುವುದಿಲ್ಲ.

ಬಂದದ್ದು ನಿಜವಾದ ರೋಗಾಣುವಾದರೆ ಕಥೆ ಬೇರೆ. ಬ್ಯಾಕ್ಟೀರಿಯಾದ ಬಾಲದ ಪ್ರೋಟೀನಾದ ಫ್ಲಾಜೆಲಿನ್ ತಾಗಿದೊಡನೆ ಇದೇ ಕೋಶಗಳು ಐಎಲ್-23 ಎಂಬ ಸಂದೇಶ ಪ್ರೋಟೀನು ಬಿಟ್ಟು ಕದನದ ಸೂಚನೆ ಕೊಡುತ್ತವೆ.

ಪ್ರಶ್ನೆ: ಮೊಮ್ಮಗನಿಗೆ ಹುಟ್ಟಿದಾಗಿನಿಂದ ಪೋಲಿಯೊ ಹನಿ ಹಾಕಿಸಿದ್ದೇವೆ. ಆದರೂ ಆರೋಗ್ಯ ಕೇಂದ್ರದಲ್ಲಿ ತೋಳಿಗೆ ಪೋಲಿಯೊ ಸೂಜಿ ಕೊಟ್ಟರು. ಹನಿ ಸಾಲದೇ? ಸೂಜಿ ಆದ ಮೇಲೆ ಪಲ್ಸ್ ಪೋಲಿಯೊ ದಿನ ಮತ್ತೆ ಹನಿ ಹಾಕಿಸಬೇಕೇ?
– ಓದುಗರು, ತಿಪಟೂರು

ಉತ್ತರ: ಹಾಕಿಸಿ, ಎರಡೂ ಬೇಕು. ಹನಿಯಲ್ಲಿರುವುದು ಜೀವಂತ, ದುರ್ಬಲಗೊಳಿಸಿದ ವೈರಸ್. ಅದು ಕರುಳಿನಲ್ಲೇ ಬೆಳೆಯುವುದರಿಂದ ಮೇಲೆ ಹೇಳಿದ ಕೋಶಗಳ ಕೈಗೇ ಸಿಗುತ್ತದೆ. ಅಲ್ಲಿ ತಯಾರಾದ ಟಿ, ಬಿ ಕೋಶಗಳ ಮೈಮೇಲೆ ರೆಟಿನಾಯಿಕ್ ಆಮ್ಲದ ದೆಸೆಯಿಂದ ಆಲ್ಫಾ4ಬೀಟಾ7 ಎಂಬ ಗುರುತು ಮೂಡುತ್ತದೆ. ಅದನ್ನು ಕಾಗದದ ಮೇಲಿನ ಪಿನ್‌ಕೋಡ್ ಅನ್ನಬಹುದು: ಕರುಳಿನ ರಕ್ತನಾಳದ ಗೋಡೆ ಆ ಗುರುತು ಇದ್ದವರನ್ನು ಹಿಡಿದು ಒಳಗೆ ಬಿಡುತ್ತದೆ. (ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್‌ಗೆ ಕೊಡುವ ವೆಡೊಲಿಜುಮ್ಯಾಬ್ ಔಷಧ ತಡೆಯುವುದು ಇದನ್ನೇ. ಕರುಳಿಗೆ ಹೊರಟ ಕೋಶಕ್ಕೆ ಅಲ್ಲಿ ಇಳಿಯಲಾಗುವುದಿಲ್ಲ.)

ಸೂಜಿಯಲ್ಲಿರುವುದು ಸತ್ತ ವೈರಸ್. ಅದನ್ನು ಎತ್ತಿಕೊಳ್ಳುವುದು ಚರ್ಮದ ಡೆಂಡ್ರೈಟಿಕ್ ಕೋಶ, ಒಯ್ಯುವುದು ಕಂಕುಳಿನ ಗ್ರಂಥಿಗೆ. ಅಲ್ಲಿ ಕರುಳಿನ ಗುರುತು ಅಷ್ಟಾಗಿ ಬೀಳುವುದಿಲ್ಲ. ರಕ್ತದಲ್ಲಿ ಪ್ರತಿಕಾಯ ಚೆನ್ನಾಗಿ ಏರಿ ನರಗಳಿಗೆ ರಕ್ಷಣೆ ಸಿಗುತ್ತದೆ. ಆದರೆ ಬರೀ ಸೂಜಿ ಪಡೆದ ಮಗುವಿನ ಕರುಳಿನಲ್ಲಿ ವೈರಸ್ ಬೆಳೆದು ಮಲದಲ್ಲಿ ಹೊರಬೀಳಬಹುದು, ಇನ್ನೊಬ್ಬರಿಗೆ ಹರಡಬಹುದು.

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ಹನಿಯಿಂದ ಬಂದ ಕರುಳಿನ ರಕ್ಷಣೆ ಕಾಲಕ್ರಮೇಣ ಕುಗ್ಗುತ್ತದೆ. ವೆಲ್ಲೂರಿನಲ್ಲಿ, ಮೊದಲೇ ಹಲವು ಸಲ ಹನಿ ಪಡೆದಿದ್ದ 1ರಿಂದ 4 ವರ್ಷದ 450 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಒಂದು ಸೂಜಿ ಕೊಟ್ಟು, ಆಮೇಲೆ ಎಲ್ಲರಿಗೂ ಹನಿ ಹಾಕಿ ಮಲ ಪರೀಕ್ಷಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪೋಲಿಯೊ ವೈರಸ್‌ನ ಮೂರು ಬಗೆಗಳಲ್ಲಿ ಮೂರನೆಯದನ್ನು ಮಲದಲ್ಲಿ ಹೊರಹಾಕಿದವರು ಸೂಜಿ ಇಲ್ಲದವರಲ್ಲಿ ಶೇ. 26, ಸೂಜಿ ಪಡೆದವರಲ್ಲಿ ಶೇ. 8. ಹನಿಯಿಂದ ಗುರುತು ಪಡೆದ ನೆನಪಿನ ಕೋಶಗಳು ಮೊದಲೇ ಇದ್ದರೆ ತೋಳಿನ ಸೂಜಿಯೂ ಅವುಗಳನ್ನು ಎಬ್ಬಿಸುತ್ತದೆ ಎಂಬುದೇ ಇದಕ್ಕೆ ಹೊಂದುವ ವಿವರಣೆ. ಮೊದಲು ಹನಿ ಬಿದ್ದಿರಬೇಕು, ಅಷ್ಟೇ.

ಈಗಿನ ಸರ್ಕಾರಿ ಪಟ್ಟಿ: ಹನಿ ಹುಟ್ಟಿದಾಗ, 6, 10, 14 ವಾರಕ್ಕೆ, ಮತ್ತೆ 16ರಿಂದ 24 ತಿಂಗಳೊಳಗೆ, ಪ್ರತಿ ಸಲ ಎರಡು ಹನಿ. ಸೂಜಿ 6 ವಾರ, 14 ವಾರ, 9 ತಿಂಗಳಿಗೆ, ಚರ್ಮದೊಳಗೆ 0.1 ಮಿ.ಲೀ. ಇದು ಪೂರ್ಣ ಪ್ರಮಾಣದ ಐದನೇ ಒಂದು ಪಾಲು. 2016ರ ಏಪ್ರಿಲ್‌ನಿಂದ ಹನಿಯಲ್ಲಿ ಎರಡನೇ ಬಗೆಯ ವೈರಸ್ ಇಲ್ಲ, ಅದರ ರಕ್ಷಣೆ ಸೂಜಿಯಿಂದಲೇ ಬರಬೇಕು.

ಪ್ರಶ್ನೆ: ರೋಟಾ ವೈರಸ್ ಹನಿ ಹಾಕಿಸಿದ್ದರೂ ಮಗುವಿಗೆ ಭೇದಿ ಆಯಿತು. ಎದೆಹಾಲಿನಲ್ಲಿರುವ ಪ್ರತಿಕಾಯ ಲಸಿಕೆಯನ್ನು ಕೆಡಿಸುತ್ತದೆ ಎನ್ನುತ್ತಾರೆ, ಹೌದೇ?
– ಓದುಗರು, ಕಲಬುರಗಿ

ಉತ್ತರ: ಹಾಲು ನಿಲ್ಲಿಸಬೇಡಿ. ಹನಿ ಹಾಕುವ ಮುಂಚೆ, ಆಮೇಲೆ ಸ್ವಲ್ಪ ಹೊತ್ತು ಹಾಲುಣಿಸದೆ ನೋಡಿದ ಪ್ರಯೋಗಗಳಲ್ಲಿ ಲಾಭವೇನೂ ಕಾಣಲಿಲ್ಲ. ಎಲ್ಲ ಭೇದಿಗೂ ರೋಟಾ ಕಾರಣವಲ್ಲ, ಅದು ಒಂದು. ಇನ್ನೊಂದು, ಈ ಲಸಿಕೆಯ ಉದ್ದೇಶ ಆಸ್ಪತ್ರೆ ಸೇರುವಂಥ ತೀವ್ರ ಭೇದಿಯನ್ನು ತಡೆಯುವುದು. ರೋಟಾವ್ಯಾಕ್ ಎಂಬ ರೋಟಾ ಹನಿಯ ಭಾರತದ ಪರೀಕ್ಷೆಯಲ್ಲಿ ಮೊದಲ ವರ್ಷದ ತೀವ್ರ ರೋಟಾ ಭೇದಿಗೆ ತಡೆ ಸುಮಾರು ಶೇ. 56. ನೀರು, ಶೌಚ ಸರಿಯಿಲ್ಲದ ಕಡೆ ಮಗುವಿನ ಕರುಳು ಸದಾ ಸಣ್ಣಗೆ ಉರಿಯುತ್ತಿರುತ್ತದೆ, ಬೇರೆ ಸೋಂಕುಗಳೂ ಇರುತ್ತವೆ. ಅಂಥ ಕರುಳಿನಲ್ಲಿ ಬಾಯಿಂದ ಕೊಟ್ಟ ಲಸಿಕೆ ಚೆನ್ನಾಗಿ ಹಿಡಿಯುವುದಿಲ್ಲ. ಭೇದಿಯಾದಾಗ ಓಆರ್‌ಎಸ್, ಸತು, ಜೊತೆಗೆ ಎದೆಹಾಲು.

ಪ್ರಶ್ನೆ: ಕರುಳಿನ ಶಕ್ತಿಗೆ ವಿಟಮಿನ್ ಎ ಮಾತ್ರೆ ತಂದು ಕೊಡಬಹುದೇ?
– ಓದುಗರು, ಮಡಿಕೇರಿ

ಉತ್ತರ: ಬೇಡ. ವಿಟಮಿನ್ ಎ ಸಿಗದಂತೆ ಬೆಳೆಸಿದ ಇಲಿಗಳ ಸಣ್ಣ ಕರುಳಿನಲ್ಲಿ ಟಿ ಕೋಶಗಳೂ ಐಜಿಎ ಕೋಶಗಳೂ ಕಡಿಮೆ ಎಂಬುದು ನಿಜ. ಆದರೆ ಕೊರತೆ ಇಲ್ಲದವರಿಗೆ ಹೆಚ್ಚುವರಿ ಕೊಟ್ಟರೆ ಹೆಚ್ಚುವರಿ ಶಕ್ತಿ ಬರುತ್ತದೆ ಎಂದು ಅದರಿಂದ ಅರ್ಥವಾಗುವುದಿಲ್ಲ. ಇದು ಯಕೃತ್ತಿನಲ್ಲಿ ಶೇಖರವಾಗುವ ವಿಟಮಿನ್. ಅತಿಯಾದರೆ ತಲೆನೋವು, ವಾಂತಿ. ಗರ್ಭಿಣಿಯರಲ್ಲಿ ಭ್ರೂಣಕ್ಕೆ ಅಪಾಯ. ಮಕ್ಕಳಿಗೆ ಸರ್ಕಾರವೇ 9 ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ಸಿರಪ್ ಕೊಡುತ್ತದೆ. ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ, ಎರಡೆರಡು ಸಲ ಆಗದಿರಲಿ. ಉಳಿದಂತೆ ನುಗ್ಗೆಸೊಪ್ಪಿನ ಪಲ್ಯ ಸಾಕು, ಒಗ್ಗರಣೆಯ ಎಣ್ಣೆ ಮಾತ್ರ ತಪ್ಪಿಸಬೇಡಿ. ಕೊಬ್ಬಿಲ್ಲದೆ ಅದರ ಕ್ಯಾರೋಟಿನ್ (ದೇಹ ವಿಟಮಿನ್ ಎ ಮಾಡಿಕೊಳ್ಳುವ ವಸ್ತು) ಸರಿಯಾಗಿ ದೇಹಕ್ಕೆ ಹೀರಿಕೊಳ್ಳುವುದಿಲ್ಲ.

ಪ್ರಶ್ನೆ: ಇಲಿಯ ಸಣ್ಣ ಕರುಳಿನಿಂದ ಡೆಂಡ್ರೈಟಿಕ್ ಕೋಶ ಬೇರ್ಪಡಿಸುತ್ತಿದ್ದೇನೆ. ಕೋಶಗಳು ಬಹಳ ಕಡಿಮೆ, ಸತ್ತವೇ ಹೆಚ್ಚು. ಎಲ್ಲಿ ತಪ್ಪುತ್ತಿದೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೊದಲು, ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಇಡಿಟಿಎಯ ಹಂತವನ್ನು ಅನುಮಾನಿಸಿ. ಮೇಲ್ಪದರ ಕಳಚಲು ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿ 2 ಮಿಲಿಮೋಲಾರ್ ಇಡಿಟಿಎ, 37 ಡಿಗ್ರಿ, 20 ನಿಮಿಷದಂತೆ ಎರಡು ಸಲ ಅಲುಗಿಸುತ್ತೀರಿ. ಆಮೇಲೆ ಹಾಕುವ, ಅಂಗಾಂಶ ಕರಗಿಸುವ ಕಿಣ್ವವಾದ ಕೊಲಾಜಿನೇಸ್‌ಗೆ ಕ್ಯಾಲ್ಸಿಯಂ ಬೇಕೇ ಬೇಕು. ಇಡಿಟಿಎ ಉಳಿದಿದ್ದರೆ ಕಿಣ್ವ ಕೆಲಸ ಮಾಡುವುದಿಲ್ಲ, ನೀವು ಸಮಯ ಹೆಚ್ಚಿಸುತ್ತೀರಿ, ಕೋಶ ಸಾಯುತ್ತದೆ. ಕ್ಯಾಲ್ಸಿಯಂ ಇರುವ ಮಾಧ್ಯಮದಲ್ಲಿ ಎರಡು ಸಲ ತೊಳೆದ ಮೇಲೆಯೇ ಕಿಣ್ವ: ಮಿ.ಲೀ.ಗೆ 1 ಮಿ.ಗ್ರಾಂ. ಕೊಲಾಜಿನೇಸ್, 0.1 ಮಿ.ಗ್ರಾಂ. ಡಿಎನ್‌ಏಸ್ (ಡಿಎನ್‌ಎ ಕತ್ತರಿಸುವ ಕಿಣ್ವ), 25ರಿಂದ 30 ನಿಮಿಷ. ಹೊಸ ಬಾಟಲಿ ಬಂದಾಗಲೆಲ್ಲ ಸಮಯವನ್ನು ಮತ್ತೆ ಹೊಂದಿಸಿ, ಒಂದೊಂದು ಲಾಟ್‌ನ ಚುರುಕು ಒಂದೊಂದು ಥರ. ಸೋಸುವಾಗ ಅಂಟು ಅಂಟಾಗಿ ಗಂಟು ಕಟ್ಟಿದರೆ ಅದು ಸತ್ತ ಕೋಶಗಳ ಡಿಎನ್‌ಎ, ಡಿಎನ್‌ಏಸ್ ಹಳತಾಗಿರಬಹುದು.

ಪೇಯರ್ ಪ್ಯಾಚ್‌ಗಳನ್ನು ಕತ್ತರಿಸಿ ತೆಗೆದಿದ್ದೀರಾ ನೋಡಿ. ಒಂದು ಉಳಿದರೂ ಲೆಕ್ಕ ಕೆಡುತ್ತದೆ. ಸಿಡಿ11ಸಿ ಮತ್ತು ಎಂಎಚ್‌ಸಿ-2 ಎಂಬ ಗುರುತಿನ ಪ್ರೋಟೀನುಗಳು ಎರಡೂ ಇದ್ದದ್ದೆಲ್ಲ ಡೆಂಡ್ರೈಟಿಕ್ ಕೋಶ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು; ಕರುಳಿನ ಮ್ಯಾಕ್ರೋಫೇಜ್‌ಗಳಲ್ಲೂ ಇವೆರಡೂ ಇರುತ್ತವೆ. ಮ್ಯಾಕ್ರೋಫೇಜ್‌ಗಳ ಗುರುತಾದ ಸಿಡಿ64 ಇರುವುದನ್ನು ಮೊದಲು ಹೊರಗಿಟ್ಟು, ಉಳಿದದ್ದನ್ನು ಸಿಡಿ103, ಸಿಡಿ11ಬಿ ಮೇಲೆ ಹಂಚಿ. ಸಣ್ಣ ಕರುಳಿನಲ್ಲಿ ಎರಡೂ ಇರುವ ಗುಂಪು ದೊಡ್ಡದಾಗಿ ಕಾಣಬೇಕು. ಕಾಣದಿದ್ದರೆ ಗುಲ್ಮದ ಕೋಶಗಳನ್ನು ಅದೇ ಕಿಣ್ವದಲ್ಲಿ ಅಷ್ಟೇ ಹೊತ್ತು ಇಟ್ಟು ಬಣ್ಣ ಹಾಕಿ ನೋಡಿ. ಅಲ್ಲೂ ಗುರುತು ಮಂಕಾದರೆ ಕಿಣ್ವವೇ ಅದನ್ನು ಕತ್ತರಿಸುತ್ತಿದೆ.