ಎಂಬಿಎ ಅಥವಾ ಪಿಜಿಡಿಎಂ: ಮಂಡ್ಯದ ಪದವೀಧರರೊಬ್ಬರಿಗೆ ಉತ್ತರ

ಮಂಡ್ಯದಲ್ಲಿ ಬಿ.ಕಾಂ. ಮುಗಿಸಿರುವ ತಾವು, ಮುಂದೆ ಸಂಶೋಧನೆಗೆ ಹೋಗುವ ಆಸೆಯಿರುವವರಿಗೆ ಮೈಸೂರಿನಲ್ಲಿ ಎಂಬಿಎ ಲೇಸೋ ಪಿಜಿಡಿಎಂ (ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಡಿಪ್ಲೊಮಾ) ಲೇಸೋ ಎಂದು ಕೇಳಿದ್ದೀರಿ. ಗುರಿ ಪಿಎಚ್‌ಡಿಯೇ ಆಗಿದ್ದರೆ, 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿರುವ ಬಿ.ಎನ್. ಬಹದ್ದೂರ್ ಮ್ಯಾನೇಜ್‌ಮೆಂಟ್ ಸಂಸ್ಥೆಯನ್ನೇ ನಾನು ಮೊದಲು ಸೂಚಿಸುತ್ತೇನೆ. ಎಂಬಿಎ ವಿಶ್ವವಿದ್ಯಾನಿಲಯವೇ ನೀಡುವ ಸ್ನಾತಕೋತ್ತರ ಪದವಿ. ಪಿಜಿಡಿಎಂ ಸ್ವಾಯತ್ತ ಸಂಸ್ಥೆಗಳು ಕೊಡುವ ಡಿಪ್ಲೊಮಾ ಆದ್ದರಿಂದ, ಅದನ್ನು ಎಂಬಿಎಗೆ ಸಮಾನವೆಂದು ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವು ಮಾನ್ಯ ಮಾಡಿದೆಯೇ ಎಂಬುದನ್ನು ಆಯಾ ಸಂಸ್ಥೆಯ ವಿಷಯದಲ್ಲಿ ಪ್ರತ್ಯೇಕವಾಗಿ ಪರಿಶೀಲಿಸಿಕೊಳ್ಳಬೇಕು. ನೇರವಾಗಿ ಉದ್ಯೋಗ ಬಯಸುವವರಿಗೆ ಮೈಸೂರಿನಲ್ಲೇ ಇರುವ ಮ್ಯಾನೇಜ್‌ಮೆಂಟ್ ಸಂಸ್ಥೆ ಎಸ್‌ಡಿಎಂಐಎಂಡಿಯ ಪಿಜಿಡಿಎಂ ಖಂಡಿತ ಪರಿಗಣಿಸತಕ್ಕದ್ದು. ಹೆಸರಿಗಿಂತ ಮುಖ್ಯವಾಗಿ, ಅರ್ಜಿ ಹಾಕುವ ಮುನ್ನ ಆಯಾ ಸಂಸ್ಥೆಯ ಅಧ್ಯಾಪಕರ ಇತ್ತೀಚಿನ ಲೇಖನಗಳನ್ನು ಓದಿ, ನಿಮ್ಮ ಆಸಕ್ತಿಯ ವಿಷಯದಲ್ಲಿ ಮಾರ್ಗದರ್ಶನ ಮಾಡಬಲ್ಲವರು ಇದ್ದಾರೆಯೇ ಎಂದು ದಯವಿಟ್ಟು ನೋಡಿಕೊಳ್ಳಿ. ವಿಶ್ವವಿದ್ಯಾನಿಲಯದ ಎಂಬಿಎಗೆ ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಬರೆಯಬೇಕು; ಅದರ ಸಿದ್ಧತೆಯನ್ನು ಈಗಲೇ ಆರಂಭಿಸಿ.